ಕಚೇರಿಯ ಮುದ್ರೆಯುಂಗುರ

ಸಂಸ್ಕೃತ ನಾಟಕಗಳಲ್ಲಿ ವಿಶಾಖದತ್ತನ ‘ಮುದ್ರಾರಾಕ್ಷಸ’ವು ವಿಲಕ್ಷಣವಾದುದು. ಅದರಲ್ಲಿ ಶೃಂಗಾರಕ್ಕೆ ಎಡೆಯಿಲ್ಲ. ಕಥೆಯ ಭಾರವೆಲ್ಲವೂ ಒಂದು ಉಂಗುರದ ಮೇಲೆ ನಿಂತಿದೆ. ನಂದರ ಅಮಾತ್ಯನಾದ ರಾಕ್ಷಸನ ಹೆಂಡತಿಯು ಚಂದನದಾಸನ ಮನೆಯಲ್ಲಿ ಅಡಗಿರುತ್ತಾಳೆ. ಹೊರಗೆ ಓಡಿದ ಮಗುವನ್ನು ಒಳಗೆಳೆದುಕೊಳ್ಳುವ ಅವಸರದಲ್ಲಿ ಅವಳ ಬೆರಳಿನಿಂದ ಗಂಡನ ಮುದ್ರೆಯುಂಗುರವು ಜಾರಿ ಬೀಳುತ್ತದೆ. ಗೂಢಚಾರನ ಮೂಲಕ ಅದು ಚಾಣಕ್ಯನ ಕೈ ಸೇರುತ್ತದೆ. ಚಾಣಕ್ಯನು ಒಂದು ಕಪಟಲೇಖವನ್ನು ಬರೆಯಿಸಿ ಅದರ ಮೇಲೆ ಆ ಮುದ್ರೆಯನ್ನೊತ್ತಿಸುತ್ತಾನೆ. ಲೇಖವು ರಾಕ್ಷಸನದಲ್ಲ, ಮುದ್ರೆಯು ಮಾತ್ರ ಅವನದೇ. ಮಲಯಕೇತುವು ಮುದ್ರೆಯನ್ನು ನಂಬಿ ಮನುಷ್ಯನನ್ನು ಕೈಬಿಡುತ್ತಾನೆ.

ಈ ನಾಟಕವನ್ನು ನಾವು ಅನೇಕ ವರ್ಷ ಪಾಠ ಹೇಳಿದೆವು. ನಿವೃತ್ತರಾಗಿ ಬಂಕಾಪುರದಲ್ಲಿ ನೆಲೆಸಿರುವ ಈ ದಿನಗಳಲ್ಲಿ ಅದರ ಅರ್ಥವು ನಮಗೆ ಮತ್ತಷ್ಟು ವಿಶದವಾಗಿದೆ. ಹೇಗೆಂದರೆ, ಈಗ ಕಚೇರಿಯ ಪ್ರತಿಯೊಬ್ಬ ಕಾರಕೂನನ ಬಳಿಯಲ್ಲಿಯೂ ಅಂಥದೊಂದು ಮುದ್ರೆಯುಂಗುರವಿದೆ. ಸಂಬಳದ ಬಿಲ್ಲು, ರಜೆಯ ಲೆಕ್ಕ, ಖಜಾನೆಯ ಹಣ, ಹೊಲದ ಹಕ್ಕು ಎಲ್ಲವೂ ಗಣಕಯಂತ್ರದೊಳಗೆ ಸೇರಿವೆ. ಅಲ್ಲಿ ಪ್ರವೇಶಿಸಲು ಒಂದು ಹೆಸರು, ಒಂದು ಪಾಸ್‌ವರ್ಡ್. ಅದನ್ನು ಯಾರು ಬರೆದರೂ ಯಂತ್ರವು ಒಡೆಯನೇ ಬಂದನೆಂದು ತಿಳಿಯುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದನು. ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರಿಗೆ ತಿಳಿದಿರುವುದೇ ಅಲ್ಲಿಯ ರೂಢಿ. ಎಲ್ಲರ ಗುಪ್ತಪದಗಳನ್ನೂ ಬರೆದ ಚೀಟಿಯು ಕಪಾಟಿನ ಬಾಗಿಲ ಒಳಗಡೆ ಅಂಟಿತ್ತು. ತಮ್ಮನ ಮದುವೆಗೆಂದು ಅವನು ರಜೆಯಲ್ಲಿದ್ದಾಗ ಅವನ ಹೆಸರಿನಿಂದ ಎರಡು ಸುಳ್ಳು ಬಿಲ್ಲುಗಳು ಹೋದವು. ವಿಚಾರಣೆ ನಡೆಯಿತು. ಯಂತ್ರದ ದಾಖಲೆಯಲ್ಲಿ ಅವನ ಹೆಸರೇ ಇದ್ದಿತು. ರಜೆಯ ಚೀಟಿಯಿಂದ ಅವನು ನಿರ್ದೋಷಿಯೆಂದು ನಿರ್ಣಯವಾಗುವಷ್ಟರಲ್ಲಿ ಹನ್ನೊಂದು ತಿಂಗಳು ಕಳೆದಿದ್ದವು. ನಮ್ಮ ಮನೆಗೆ ಬಂದು ಅವನು ಹೇಳಿದ ಮಾತಿದು: “ಗುರುಗಳ, ತಪ್ಪಿಲ್ಲಂತ ಕಾಗದಾ ಬಂತ್ರಿ. ಆದ್ರ ಆ ಕಾಗದಾನ ಊರ ಮಂದಿಗೆಲ್ಲಾ ತೋರಿಸ್ಕೋತ ಅಡ್ಡಾಡಾಕ ಆಗತೈತೇನ್ರಿ?”

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಇಂಥ ಯಂತ್ರವ್ಯವಸ್ಥೆಗಳನ್ನು ಅಣಿಗೊಳಿಸುವ ಉದ್ಯೋಗದಲ್ಲಿರುವ ನಮ್ಮ ಅಳಿಯಂದಿರನ್ನು ಕೇಳಿ, ಇದಕ್ಕೆ ಪ್ರತೀಕಾರವೇನೆಂಬುದನ್ನು ತಿಳಿದುಕೊಂಡೆವು. ಅದರ ಸಾರವನ್ನು ವಾಚಕರ ಮುಂದಿಡುತ್ತೇವೆ.

ಮನುಷ್ಯನನ್ನು ಗುರುತಿಸುವ ಸಾಧನಗಳು ಮೂರು ಬಗೆ: ಮನಸ್ಸಿನಲ್ಲಿರುವುದು, ಕೈಯಲ್ಲಿರುವುದು, ಮೈಯಲ್ಲಿರುವುದು. ಪಾಸ್‌ವರ್ಡ್ ಮೊದಲನೆಯದು, ಮೊಬೈಲಿಗೆ ಬರುವ ಒಟಿಪಿಯು ಎರಡನೆಯದು, ಬೆರಳಚ್ಚು ಮೂರನೆಯದು. ಇವುಗಳಲ್ಲಿ ಬೇರೆ ಬೇರೆ ಬಗೆಯ ಎರಡನ್ನಾದರೂ ಕೇಳುವಂತೆ ಯಂತ್ರವನ್ನು ಅಣಿಗೊಳಿಸಿದರೆ, ಕಪಾಟಿನ ಚೀಟಿಯೊಂದರಿಂದಲೇ ಕಳ್ಳನ ಕೆಲಸವಾಗದು. ಹಲವು ಸಲ ತಪ್ಪು ಪದವನ್ನು ಬರೆದವನಿಗೆ ಬಾಗಿಲು ಮುಚ್ಚತಕ್ಕದ್ದು. ಕುರ್ಚಿಯನ್ನು ಬಿಟ್ಟೆದ್ದವನ ಪರದೆಯು ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಮುಚ್ಚಿಕೊಳ್ಳತಕ್ಕದ್ದು. ವರ್ಗವಾದವನ, ನಿವೃತ್ತನಾದವನ ಹೆಸರು ಅಂದೇ ರದ್ದಾಗತಕ್ಕದ್ದು. ಯಾರು ಯಾವಾಗ ಏನು ಮಾಡಿದರೆಂಬ ದಾಖಲೆಯನ್ನು ಆ ಕೆಲಸ ಮಾಡಿದವರೇ ತಿದ್ದುವಂತಿರಬಾರದು.

ಪಾಸ್‌ವರ್ಡನ್ನು ತಿಂಗಳಿಗೊಮ್ಮೆ ಬದಲಿಸಬೇಕೆಂಬ ಕಟ್ಟಳೆಯು ಬಹು ಕಚೇರಿಗಳಲ್ಲುಂಟು. ಅಮೇರಿಕದ ರಾಷ್ಟ್ರೀಯ ಪ್ರಮಾಣ ಮತ್ತು ತಂತ್ರಜ್ಞಾನ ಸಂಸ್ಥೆಯು 2017ರಲ್ಲಿಯೇ ಇದನ್ನು ಬೇಡವೆಂದಿತು. ಪದವು ಹೊರಬಿದ್ದ ಕುರುಹಿದ್ದರೆ ಮಾತ್ರ ಬದಲಿಸಿದರೆ ಸಾಕು, ಪದವು ಉದ್ದವಾಗಿರಲಿ ಎಂದಿತು. ಕಾರಣವು ಸ್ಪಷ್ಟ. ಬದಲಿಸಿ ಬದಲಿಸಿ ಬೇಸತ್ತವನು ಕೊನೆಯ ಅಂಕಿಯೊಂದನ್ನು ತಿದ್ದಿ ಸುಮ್ಮನಾಗುತ್ತಾನೆ, ಇಲ್ಲವೆ ಚೀಟಿಯಲ್ಲಿ ಬರೆದಿಡುತ್ತಾನೆ.

ಎಲ್ಲಕ್ಕೂ ಮುಖ್ಯವಾದುದು ಅಧಿಕಾರದ ಹಂಚಿಕೆ. ಬಿಲ್ಲನ್ನು ಬರೆಯುವವನೇ ಅದನ್ನು ಮಂಜೂರು ಮಾಡುವಂತಿರಬಾರದು. ಯಾರಿಗೂ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಕೀಲಿಕೈಗಳು ಸಲ್ಲವು. ಇದು ಹೊಸ ಮಾತಲ್ಲ. ಅರ್ಥಶಾಸ್ತ್ರದಲ್ಲಿ ಆದಾಯವನ್ನು ಕೂಡಿಸುವ ಸಮಾಹರ್ತೃವು ಬೇರೆ, ಭಂಡಾರವನ್ನು ಕಾಯುವ ಸನ್ನಿಧಾತೃವು ಬೇರೆ. ಅಧಿಕಾರಿಗಳು ಧನವನ್ನಪಹರಿಸುವ 40 ಉಪಾಯಗಳನ್ನು ಆ ಗ್ರಂಥವು ಎಣಿಸಿ ಹೇಳಿದೆ. ಸಂಪ್ರದಾಯದಂತೆ ಅದರ ಕರ್ತನು ಅದೇ ಚಾಣಕ್ಯನು. ಪರರ ಉಂಗುರವನ್ನು ಬಳಸಬಲ್ಲವನಿಗೆ ಅದನ್ನು ಕಾಯುವ ಬಗೆಯೂ ಗೊತ್ತಿದ್ದಿತು!

ನಮ್ಮ ನಾಡಿನಲ್ಲಿಯೇ ಇದಕ್ಕೆ ಒಳ್ಳೆಯ ನಿದರ್ಶನವುಂಟು. ಮೊದಲು ಹೊಲದ ಉತಾರಗಳು ಸುಮಾರು 9,000 ಗ್ರಾಮಲೆಕ್ಕಿಗರ ವಶದಲ್ಲಿದ್ದವು; ಲೇಖಣಿಯು ಎತ್ತ ಹೊರಳಿದರೆ ಹಕ್ಕು ಅತ್ತ ಹೊರಳುವ ಭಯವಿದ್ದಿತು. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಗಣಕವನ್ನು ಸೇರಿ, 2002ರ ಹೊತ್ತಿಗೆ ತಾಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಉತಾರವು ಸಿಗತೊಡಗಿತು. ಅಲ್ಲಿ ದಾಖಲೆಯನ್ನು ತಿದ್ದುವ ನೌಕರನು ಗುಪ್ತಪದವೊಂದರಿಂದ ಒಳಹೋಗುವಂತಿರಲಿಲ್ಲ, ಬೆರಳಚ್ಚನ್ನೊತ್ತಬೇಕಾಗಿತ್ತು. ‘ನಾನು ಮಾಡಲಿಲ್ಲ’ ಎನ್ನಲು ತಪ್ಪಿತಸ್ಥನಿಗೆ ಎಡೆಯಿಲ್ಲ. ನಿರಪರಾಧಿಗೆ ಮಾತ್ರ ಅದೇ ಬೆರಳಚ್ಚು ಸಾಕ್ಷಿಯಾಗುತ್ತದೆ.

‘ಜೊತೆಗಾರರೊಳಗೆ ಇಷ್ಟು ಅಪನಂಬಿಕೆಯೇಕೆ?’ ಎಂದು ಕೆಲವರು ಕೇಳುವುದುಂಟು. ಪಾಸ್‌ವರ್ಡ್ ಕೊಡದವನನ್ನು ಜಂಭಗಾರನೆಂದು ಆಡಿಕೊಳ್ಳುವುದೂ ಉಂಟು. ಆದರೆ ಮನೆಗೆ ಅಗಳಿ ಹಾಕಿಕೊಂಡರೆ ನೆರೆಯವನಿಗೆ ಕಳ್ಳನೆಂದಂತಾಗುವುದೇ? ಕಚೇರಿಯಲ್ಲಿ ಕಳವಾದ ದಿನ ಕೀಲಿಕೈ ಇಲ್ಲದಿದ್ದವನೇ ಧನ್ಯನು. ನಮ್ಮ ಗುಪ್ತಪದವನ್ನು ಸ್ನೇಹಿತನಿಗೆ ಕೊಟ್ಟಾಗ ನಾವು ವಿಶ್ವಾಸವನ್ನಲ್ಲ, ಸಂಶಯದ ಪಾಲನ್ನು ಅವನಿಗೆ ಕೊಡುತ್ತೇವೆ.

ಆದುದರಿಂದ ನೌಕರಿಗೆ ಸೇರುವ ಮಕ್ಕಳಿಗೆ ಗೃಹಸ್ಥರು ಎರಡು ಮಾತು ಹೇಳಿಕೊಡಲಿ. ಸೇರಿದ ದಿನವೇ ನಿನ್ನದೇ ಹೆಸರು, ನಿನ್ನದೇ ಗುಪ್ತಪದವನ್ನು ಕೇಳಿ ಪಡೆ. ಬಿಡುವ ದಿನ ಆ ಹೆಸರು ರದ್ದಾಯಿತೆಂದು ಬರೆಯಿಸಿಕೊಂಡು ಬಾ. ಮನೆಯವರೂ ಬ್ಯಾಂಕಿನ ಒಟಿಪಿಯನ್ನು ಫೋನಿನಲ್ಲಿ ಎಷ್ಟು ನಯವಾಗಿ ಕೇಳಿದವರಿಗೂ ಹೇಳದಿರಲಿ. ರಾಕ್ಷಸನ ಹೆಂಡತಿಯ ಬೆರಳಿಗೆ ಉಂಗುರವು ಸಡಿಲವಾಗಿತ್ತು. ನಮ್ಮ ಬೆರಳಿಗೆ ಸರಿಯಾಗುವಂತೆ ಅದನ್ನು ಮಾಡಿಸಿಕೊಳ್ಳುವುದು ನಮ್ಮ ಕೈಯಲ್ಲಿಯೇ ಇದೆ.