ಮೊಲ, ಎಕ್ಸೆಲ್ ಮತ್ತು ಅಪ್ಪ

ಮೊನ್ನೆ ಊರಿಗೆ, ಅಂದ್ರೆ ಶಿರಾ ಕಡೆಗೆ ಹೋದಾಗ ಅಪ್ಪ ಕಾಯ್ತಾ ಇದ್ರು. "ಮಾಂಸಕ್ಕೆ ಮೊಲ ಸಾಕೋಣ ಅಂತಿದೀನಿ ಕಣೋ. ಯಾವ ಜಾತಿ ತರೋದು, ನೋಡಿ ಹೇಳು." ಬೋರ್‌ವೆಲ್ ಬತ್ತಿ ಎರಡು ವರ್ಷ. ಕೈಲಿ ಉಳಿದಿರೋ 40 ಸಾವಿರ ಇದಕ್ಕೇ ಅಂತೆ.

ನಾನು ಇಂಜಿನಿಯರಲ್ವೇ? ತಕ್ಷಣ ಎಕ್ಸೆಲ್ ತೆಗೆದೆ :) ಫ್ಲೆಮಿಶ್ ಜೈಂಟ್ ನೋಡೋಕೆ ಭಾರಿ, ಆದ್ರೆ ಮೇವೂ ಜಾಸ್ತಿ, ಮೂಳೆಯೂ ಜಾಸ್ತಿ. ಕ್ಯಾಲಿಫೋರ್ನಿಯನ್ ಅಂದ್ರೆ ಬಿಳಿ ಮೈ, ಕಪ್ಪು ಕಿವಿ-ಮೂಗು, ಮಾಂಸಕ್ಕೆ ಒಳ್ಳೇದು. ನ್ಯೂಜಿಲೆಂಡ್ ವೈಟ್ ಹುಟ್ಟಿದ್ದು ಅಮೆರಿಕಾದಲ್ಲಿ! ಬೆಳೆದರೆ 4-5 ಕೆಜಿ, ಮರಿ ಮೂರು ತಿಂಗಳಿಗೆ ಸುಮಾರು 2 ಕೆಜಿ. ಗಬ್ಬ 31 ದಿನ. ಹಾಳೆ ತುಂಬಾ ಲಾಭವೋ ಲಾಭ.

ಅಪ್ಪ ಕೇಳಿದ್ದು ಒಂದೇ: "ನಮ್ಮ ಬೇಸಿಗೆ ತಡೀತಾವಾ?"

ಆ ಕಾಲಮ್ಮೇ ಇರಲಿಲ್ಲ! ಹುಡುಕಿದೆ. 30 ಡಿಗ್ರಿ ದಾಟಿದ ಸೆಖೆಯಲ್ಲೇ ದಿನ ಕಳೆದ್ರೆ ಗಂಡು ಮೊಲ ಕೆಲಕಾಲ ಬಂಜೆಯಾಗಬಹುದಂತೆ. ಮಾಂಸದ ಮೊಲಗಳ ಮೇಲೆ ಕೆಲಸ ಮಾಡೋ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರ ಇರೋದು ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಲ್ಲಿ, ತಂಪಲ್ಲಿ. ನಮ್ಮ ಏಪ್ರಿಲ್ ಹೇಗಿರುತ್ತೆ ಗೊತ್ತಲ್ಲ...

ಕೊನೆಗೆ ತೀರ್ಮಾನ ಇಷ್ಟು. ಬಯಲುಸೀಮೆಯಲ್ಲೇ ಹುಟ್ಟಿ ಬೆಳೆದ ನ್ಯೂಜಿಲೆಂಡ್ ವೈಟ್, ಒಂದು ಗಂಡು, ಮೂರು ಹೆಣ್ಣು, ಹುಣಸೆಮರದ ನೆರಳಲ್ಲಿ ಗೂಡು. ಮಿಕ್ಕ ದುಡ್ಡು ಹಾಗೇ ಇರಲಿ, ಒಂದು ಬೇಸಿಗೆ ಕಳೀಲಿ.

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ: "ಸರಿ, ಕೊಯ್ಯೋರು ಯಾರು?"

ಅಪ್ಪ ನನ್ನ ನೋಡಿದ್ರು. ನಾನು ಲ್ಯಾಪ್‌ಟಾಪ್ ನೋಡಿದೆ. ಆ ಕಾಲಮ್ಮು ಇನ್ನೂ ಖಾಲಿ ಇದೆ.