ದೊಡ್ಡಮ್ಮನ ಹೆಸರಿನ ದತ್ತಿ

ನಮ್ಮ ಊರುಗಳಲ್ಲಿ ತೀರಿಕೊಂಡವರ ಹೆಸರು ಮನೆಯ ಗೋಡೆಯ ಫೋಟೋದಲ್ಲಷ್ಟೇ ಉಳಿಯುವುದಿಲ್ಲ. ಶಾಲೆಯ ಬೀರುವಿನ ಮೇಲೆ, ದೇವಸ್ಥಾನದ ಫ್ಯಾನಿನ ರೆಕ್ಕೆಯ ಮೇಲೆ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಛತ್ರದ ಹಂಡೆಯ ಕಂಠದಲ್ಲಿ ‘ಇವರ ಸ್ಮರಣಾರ್ಥ’ ಎಂಬ ಅಕ್ಷರಗಳಿರುತ್ತವೆ. ಕಂಡಲ್ಲೆಲ್ಲ ನಾನು ನಿಂತು ಓದುತ್ತೇನೆ. ಯಾರೋ ಮಗ, ಯಾರೋ ಸೊಸೆ ತಮ್ಮ ದುಃಖದಿಂದ ಊರಿಗೊಂದು ಉಪಯೋಗ ಮಾಡಿಕೊಟ್ಟಿದ್ದಾರೆ. ಅದು ಸಣ್ಣ ಮಾತಲ್ಲ.

ದುಃಖವನ್ನು ಹೀಗೆ ದಾನದ ಕಡೆಗೆ ತಿರುಗಿಸಿದವರಲ್ಲಿ ನನಗೆ ಮೊದಲು ನೆನಪಾಗುವವಳು ಅತ್ತಿಮಬ್ಬೆ. ಗಂಡ ನಾಗದೇವ ಯುದ್ಧದಲ್ಲಿ ಮಡಿದಾಗ ಅವಳ ತಂಗಿ, ಸವತಿಯೂ ಆಗಿದ್ದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನಿಗಾಗಿ ಬದುಕಿದಳು. ಬದುಕನ್ನು ಕೊಡುವುದಕ್ಕೇ ಮುಡಿಪಿಟ್ಟಳು. ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಸಿ ಹಂಚಿದಳು, ರನ್ನನಿಗೆ ಆಶ್ರಯ ಕೊಟ್ಟಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಅಲ್ಲಿಯ 1007ರ ಶಾಸನ ಇಂದಿಗೂ ಅವಳ ಕಥೆ ಹೇಳುತ್ತಿದೆ.

ಕಳೆದುಕೊಂಡವರ ನೋವೇ ಕೆಲವೊಮ್ಮೆ ಎಲ್ಲಿ ಕೊಡಬೇಕೆಂದು ತೋರಿಸುತ್ತದೆ. ಮೈಸೂರಿನವರು ‘ಪಿಕೆಟಿಬಿ’ ಎನ್ನುವ ಆಸ್ಪತ್ರೆಯ ಹೆಸರಿನೊಳಗೆ ಒಬ್ಬ ರಾಜಕುಮಾರಿ ಇದ್ದಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿ ಕ್ಷಯದಿಂದ ತೀರಿಕೊಂಡರು. ಅವರ ನೆನಪಿಗೆ ಎದ್ದದ್ದು ಕ್ಷಯರೋಗಿಗಳ ಆಸ್ಪತ್ರೆ. ಮೆಹರ್‌ಬಾಯಿ ಟಾಟಾ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ, ಪತಿ ದೊರಾಬ್ಜಿ ಟಾಟಾ ಮರುವರ್ಷವೇ ಆ ಕಾಯಿಲೆಯ ಸಂಶೋಧನೆಗೆಂದು ಅವರ ಹೆಸರಿನಲ್ಲಿ ನಿಧಿ ಸ್ಥಾಪಿಸಿದರು. ನಮ್ಮ ಮನೆಗೆ ಬಂದ ಕಷ್ಟ ಇನ್ನೊಬ್ಬರ ಮನೆಗೆ ಬಾರದಿರಲಿ ಎಂಬ ಹಾರೈಕೆಗಿಂತ ದೊಡ್ಡ ಶ್ರಾದ್ಧ ಯಾವುದಿದ್ದೀತು?

ವಯಸ್ಸಾಗಿ, ತುಂಬು ಬಾಳು ಬಾಳಿ ಹೋದವರ ವಿಷಯದಲ್ಲಿ ದಾರಿ ತೋರಿಸುವುದು ಅವರ ಸಾವಲ್ಲ, ಅವರು ಬದುಕಿದ ರೀತಿ. ಇದನ್ನು ನನಗೆ ಕಲಿಸಿದ್ದು ನಮ್ಮ ದೊಡ್ಡಮ್ಮ. ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅವರು ಊರಿಗೆಲ್ಲ ಟೀಚರಮ್ಮ. ಅವರ ವೈಕುಂಠ ಸಮಾರಾಧನೆಗೆ ನಾವು ಕರೆಯದ ಎಷ್ಟೋ ಹೆಣ್ಣುಮಕ್ಕಳು ಬಂದಿದ್ದರು. ನರ್ಸ್ ಆಗಿರುವ ಒಬ್ಬಳು ಎಲೆಯ ಮುಂದೆ ಕೂತು ಕಣ್ಣೊರೆಸಿಕೊಂಡು, “ಟೀಚರಮ್ಮ ವರ್ಷ ವರ್ಷ ನನಗೆ ಬಸ್ ಪಾಸ್ ಮಾಡಿಸಿಕೊಡದೇ ಇದ್ದಿದ್ದರೆ ನಾನು ಎಂಟನೇ ಕ್ಲಾಸಿಗೇ ಮನೇಲಿರುತ್ತಿದ್ದೆ” ಅಂದಳು. ಇನ್ನೊಬ್ಬಳ ಅಪ್ಪನ ಹತ್ತಿರ ಜಗಳವಾಡಿ ಕಾಲೇಜಿಗೆ ಸೇರಿಸಿದ್ದರಂತೆ. ಇದೊಂದೂ ಮನೆಯವರಿಗೆ ಗೊತ್ತಿರಲಿಲ್ಲ.

ಹೆಸರಿಗೆ ಏನು ಮಾಡಿಸೋಣ ಎಂಬ ಮಾತು ಬಂದಾಗ ಚಿಕ್ಕಪ್ಪ, “ಅತ್ತಿಗೆ ಏನು ಮಾಡ್ತಿದ್ದರೋ ಅದೇ ನಡೀಲಿ” ಅಂದರು. ನರ್ಸ್ ಆಗಿರುವ ಆ ಹುಡುಗಿ ಬಸ್ ಪಾಸಿನಲ್ಲಿ ಹೋಗಿ ಓದಿದ ಹೈಸ್ಕೂಲಿನಲ್ಲೇ ಒಂದು ದತ್ತಿ ಇಟ್ಟೆವು. ಅಸಲು ಬ್ಯಾಂಕಿನ ಠೇವಣಿಯಲ್ಲಿ, ಬಡ್ಡಿ ಮಕ್ಕಳಿಗೆ. ಪತ್ರ ಬರೆಯುವಾಗ ಚಿಕ್ಕಪ್ಪ ‘ಬಸ್ ಪಾಸಿಗೆ’ ಎಂದು ಬರೆಸಲಿಲ್ಲ. ‘ಹೆಣ್ಣುಮಕ್ಕಳ ಓದು ನಿಲ್ಲದಂತೆ ಬೇಕಾದುದಕ್ಕೆ’ ಎಂದು ಬರೆಸಿದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾದಾಗ ಆ ಮಾತಿನ ಬೆಲೆ ತಿಳಿಯಿತು. ಈಗ ಅದೇ ಬಡ್ಡಿ ಪರೀಕ್ಷೆಯ ಶುಲ್ಕಕ್ಕೆ, ಗೈಡುಗಳಿಗೆ, ಕನ್ನಡಕಕ್ಕೆ ಹೋಗುತ್ತದೆ. ಯಾವ ಹುಡುಗಿಗೆ ಏನು ಬೇಕು ಎಂಬುದನ್ನು ಅಲ್ಲಿಯ ಮೇಡಮ್ಮುಗಳೇ ನೋಡುತ್ತಾರೆ. ಕೊಡುವುದು ಯಾರಿಗೂ ಕಾಣದಂತೆ. ಪಡೆದವಳು ವೇದಿಕೆ ಹತ್ತಿ ಕೈಮುಗಿಯಬೇಕಾದ ದಾನವನ್ನು ದೊಡ್ಡಮ್ಮ ಎಂದೂ ಮಾಡಿದವರಲ್ಲ.

ದತ್ತಿ ಇಟ್ಟು ಮರೆತರೆ ಅದು ಸೊರಗುತ್ತದೆ. ಹಿಂದಿನವರು ಇಟ್ಟ ನೂರಿನ್ನೂರು ರೂಪಾಯಿಯ ಬಡ್ಡಿ ಆ ಕಾಲಕ್ಕೆ ಒಂದು ಮಗುವಿನ ಪುಸ್ತಕಗಳಿಗೆ ಸಾಕಾಗುತ್ತಿತ್ತು. ಇಂದು ಒಂದೆರಡು ನೋಟುಬುಕ್ಕಿಗೂ ಸಾಲದು. ಅದಕ್ಕೇ ದೊಡ್ಡಮ್ಮನ ತಿಥಿಗೆ ಸೇರಿದಾಗ ಮನೆಯ ಮಕ್ಕಳೆಲ್ಲ ಕೈಲಾದಷ್ಟು ಅಸಲಿಗೆ ಸೇರಿಸುತ್ತೇವೆ. ಅವರನ್ನು ನೋಡಿಯೇ ಇರದ ಮೊಮ್ಮಕ್ಕಳೂ ಈಗ “ದೊಡ್ಡಜ್ಜಿ ಏನು ಮಾಡ್ತಿದ್ದರು?” ಎಂದು ಕೇಳುತ್ತಾರೆ. ಕಥೆ ಹಾಗೆ ಮುಂದಕ್ಕೆ ಹೋಗುತ್ತದೆ.

ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದು ಹೋಗಿರಬಹುದು. ಅವರ ಹೆಸರಿನಲ್ಲಿ ಏನಾದರೂ ಕೊಡುವ ಮನಸ್ಸಾದರೆ, ಮೊದಲು ಅವರಿಂದ ಉಪಕಾರ ಪಡೆದವರನ್ನು ಹುಡುಕಿ ಮಾತಾಡಿಸಿ. ಹೋದವರ ಕೈ ಯಾವ ಕಡೆಗೆ ಚಾಚುತ್ತಿತ್ತೋ ನಿಮ್ಮ ಕೈಯೂ ಆ ಕಡೆಗೇ ಚಾಚಲಿ. ಮೊತ್ತ ಸಣ್ಣದಾದರೂ ಚಿಂತೆಯಿಲ್ಲ, ವರ್ಷ ತಪ್ಪದಿರಲಿ.