ಹೊಳೆಯ ಮೇಲೊಂದು ಕಣ್ಣು

ಹರಿಹರದ ನಿಲ್ದಾಣದಲ್ಲಿ ನಾನು ರೈಲಿನಿಂದ ಇಳಿದಾಗ ಇನ್ನೂ ನಸುಕು ಹರಿದಿರಲಿಲ್ಲ. ಹರಿಹರೇಶ್ವರನ ಗುಡಿಯ ಬಾಗಿಲು ತೆರೆಯುವವರೆಗೆ ಕಾದು, ದರ್ಶನ ಮಾಡಿಕೊಂಡು, ತುಂಗಭದ್ರೆಯ ದಂಡೆಗೆ ಬರುವ ಹೊತ್ತಿಗೆ ಬೆಳಕು ಮೂಡಿತು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಗುಡಿ ಅದು. ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಕಾಯುವ ದೇವರ ಕಣ್ಣೂ, ಸುಡುವ ದೇವರ ಕಣ್ಣೂ ಒಂದೇ ಮುಖದಲ್ಲಿ ಕೂಡಿವೆ. ಈ ದರ್ಶನ ಮುಗಿಸಿಕೊಂಡೇ ಆಚೆಯ ದಂಡೆಗೆ ಹೋದದ್ದು ಒಳ್ಳೆಯದಾಯಿತೆಂದು ಸಂಜೆಯ ವೇಳೆಗೆ ನನಗೆ ತೋರಿತು.

ಆಚೆಯ ದಂಡೆಯಲ್ಲಿರುವುದು ಕುಮಾರಪಟ್ಟಣ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದುದು. ಇಲ್ಲಿಯ ಹೊಳೆಗೆ 1868ರಲ್ಲಿಯೇ ಕಮಾನಿನ ಸೇತುವೆ ಬಂದಿತು. ಹೊಳೆ ದಾಟುವುದು ಸುಲಭವಾದರೂ ಆಳ್ವಿಕೆ ಮಾತ್ರ ಎರಡಾಗಿಯೇ ಉಳಿಯಿತು. ಈಚೆ ಮೈಸೂರು ಮಹಾರಾಜರ ಸೀಮೆ, ಆಚೆ ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ ಜಿಲ್ಲೆ. 1956ರಲ್ಲಿ ರಾಜ್ಯ ಒಂದಾಯಿತು. 1997ರಲ್ಲಿ ದಾವಣಗೆರೆ, ಹಾವೇರಿ ಎಂಬ ಎರಡು ಹೊಸ ಜಿಲ್ಲೆಗಳು ಹುಟ್ಟಿ ಹೊಳೆ ಅವುಗಳ ನಡುವಿನ ಎಲ್ಲೆಯಾಯಿತು. ನಕ್ಷೆ ಬರೆಯುವವರಿಗೆ ಹೊಳೆಯೆಂದರೆ ಒಂದು ನೀಲಿ ಗೆರೆ. ಅದರ ನೀರು ಕುಡಿಯುವವರಿಗೆ ಮಾತ್ರ ಅದು ಗೆರೆಯಲ್ಲ. ಮೇಲಿನೂರಿನವರು ಚೆಲ್ಲಿದುದು ಕೆಳಗಿನೂರಿನವರ ಕೊಡಕ್ಕೆ ಬಂದು ಸೇರುತ್ತದೆ.

ಕುಮಾರಪಟ್ಟಣದ ಹೆಸರನ್ನು ನಾಡಿಗೆಲ್ಲ ತಿಳಿಸಿದುದು ಗುಡಿಯಲ್ಲ, ಕೋಟೆಯೂ ಅಲ್ಲ, ಕಾರ್ಖಾನೆ. 1970ರ ದಶಕದಲ್ಲಿ ಇಲ್ಲಿ ಹರಿಹರ ಪಾಲಿಫೈಬರ್ಸ್ ತಲೆಯೆತ್ತಿತು. ನೀಲಗಿರಿ ಮೊದಲಾದ ಮರಗಳನ್ನು ಚೂರು ಮಾಡಿ, ರಾಸಾಯನಿಕಗಳೊಡನೆ ಬೇಯಿಸಿ, ತಿರುಳು ತೆಗೆಯುತ್ತಾರೆ. ಆ ತಿರುಳಿನಿಂದ ರೇಯಾನ್ ನಾರು, ನಾರಿನಿಂದ ನೂಲು, ನೂಲಿನಿಂದ ಬಟ್ಟೆ. ನಮ್ಮ ಮನೆಗಳ ಹೆಣ್ಣುಮಕ್ಕಳು ಅಂಗಡಿಯಲ್ಲಿ ಕೈಯಿಂದ ಸವರಿ, ಎಷ್ಟು ನುಣುಪೆಂದು ಮೆಚ್ಚುವ ಕುಪ್ಪಸದ ಬಟ್ಟೆ ಒಂದು ಕಾಲಕ್ಕೆ ಮರವಾಗಿದ್ದಿತೆಂದರೆ ನಂಬುವುದು ಕಷ್ಟ. ಮರ ಬೇಯಿಸಿದ ಬಳಿಕ ಉಳಿಯುವ ಕಂದು ಬಣ್ಣದ ದ್ರವವನ್ನೂ ತಿರುಳು ತೊಳೆದ ನೀರನ್ನೂ ಏನು ಮಾಡುವುದೆಂಬ ಪ್ರಶ್ನೆ ಮಾತ್ರ ಅಂಗಡಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

ದಂಡೆಯ ಹಳ್ಳಿಗಳವರಿಗೆ ಅದು ಹೊಳೆಯಿತು. ನೀರು ಕೆಟ್ಟಿತು, ಮೀನು ಸತ್ತಿತು, ದನಕರುಗಳಿಗೂ ನೀರು ಕುಡಿಸದಂತಾಯಿತೆಂದು ಅವರು ದೂರಿದರು. 1984ರಿಂದ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು ಈ ದೂರನ್ನು ಚಳವಳಿಯಾಗಿ ಬೆಳೆಸಿತು. ಮರದ ಹಸಿವಿನ ಇನ್ನೊಂದು ಮುಖ ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಕಂಡುಬಂದಿತು. ಊರೊಟ್ಟಿನ ನೆಲವನ್ನು ನೀಲಗಿರಿ ತೋಪಿಗೆ ಕೊಡುವುದನ್ನು ವಿರೋಧಿಸಿ 1987ರ ನವೆಂಬರ್ 14ರಂದು ಹಳ್ಳಿಗರು ಅಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಆ ನೆಲದ ಪರವಾಗಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದವರಲ್ಲಿ ಶಿವರಾಮ ಕಾರಂತರೂ ಒಬ್ಬರು.

ಚಹದಂಗಡಿಯೊಂದರ ಬೆಂಚಿನ ಮೇಲೆ ಕುಳಿತಿದ್ದ ವೃದ್ಧರೊಬ್ಬರು ನನ್ನನ್ನು ಮಾತಿಗೆಳೆದರು. ಕೆಳಗಿನ ಹಳ್ಳಿಯೊಂದರವರು, ಹರೆಯದಲ್ಲಿ ಹರಿಗೋಲು ಹಾಕಿ ಮೀನು ಹಿಡಿದವರು.

“ಏನ್ರೀ ಸರ, ಹೊಳಿ ನೋಡಾಕ ಬಂದೀರೇನ್ರಿ?”

“ಹೌದು ಯಜಮಾನರೇ. ಈಗ ಹೊಳೆಯನ್ನು ಕಾಯುವುದಕ್ಕೆ ಯಂತ್ರಗಳು ಬಂದಿವೆಯೆಂದು ಕೇಳಿದೆ.”

“ಆವಾಗ ಯಂತ್ರ ಎಲ್ಲಿತ್ರೀ? ನಮ್ಮ ಮೂಗಽ ಯಂತ್ರ. ಮುಂಜಾನೆ ಎದ್ದು ದಂಡಿಗೆ ಬಂದ್ರ ಹೊಳಿ ಹೆಂಗೈತಿ ಅಂತ ಮೂಗಽ ಹೇಳತಿತ್ತು. ಈಗ ಯಂತ್ರ ಐತಂತ. ಅದು ಹೇಳಿದ್ದು ನಮಗ ಯಾರು ಹೇಳತಾರ್ರೀ?”

ಚಹ ಮುಗಿದರೂ ಆ ಪ್ರಶ್ನೆ ಮುಗಿಯಲಿಲ್ಲ. ವಾಚಕರೂ ನನ್ನೊಡನೆ ಅದನ್ನು ಸ್ವಲ್ಪ ವಿಚಾರಮಾಡಬೇಕೆಂದು ಬೇಡುತ್ತೇನೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2014ರ ಫೆಬ್ರವರಿಯಲ್ಲಿ ಒಂದು ಆಜ್ಞೆ ಹೊರಡಿಸಿತು. ಹೆಚ್ಚು ಮಾಲಿನ್ಯಕ್ಕೆ ಕಾರಣವಾಗುವ 17 ಬಗೆಯ ಉದ್ಯಮಗಳು ತಮ್ಮ ಕೊಳವೆ ಮತ್ತು ಚಿಮಣಿಗಳ ಬಾಯಲ್ಲಿ ಅಳತೆಯ ಯಂತ್ರಗಳನ್ನಿಟ್ಟು, ಆ ಅಳತೆಗಳನ್ನು ಬಿಡುವಿಲ್ಲದೆ ಮಂಡಳಿಯ ಕಂಪ್ಯೂಟರಿಗೆ ಕಳುಹಿಸುತ್ತಿರಬೇಕು. ಮರದ ತಿರುಳು ಮತ್ತು ಕಾಗದದ ಉದ್ಯಮವು ಆ 17ರಲ್ಲಿ ಒಂದು. ಹಿಂದೆ ಅಧಿಕಾರಿಯು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗಿ ಪರೀಕ್ಷೆ ಮಾಡಿಸುತ್ತಿದ್ದನು. ನೀರಿನ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕೆಂಬ ಬಿ.ಒ.ಡಿ. ಪರೀಕ್ಷೆಗೆ 27 ಡಿಗ್ರಿ ಶಾಖದಲ್ಲಿ 3 ದಿನ ಹಿಡಿಯುತ್ತದೆ. ಫಲಿತಾಂಶ ಕೈಸೇರುವ ಹೊತ್ತಿಗೆ ಆ ನೀರು ಎಷ್ಟೋ ಹಳ್ಳಿಗಳನ್ನು ದಾಟಿ ಹೋಗಿರುತ್ತದೆ! ಹೊಸ ಯಂತ್ರವು ಮೂರು ದಿನ ಕಾಯುವುದಿಲ್ಲ. ಸಾಮಾನ್ಯವಾಗಿ ಅದು ನೀರಿನ ಮೂಲಕ ಅತಿನೇರಳೆ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ನುಂಗಿಹೋಯಿತೆಂದು ನೋಡಿ, ಅದರಿಂದ ಕೊಳೆಯ ಪ್ರಮಾಣವನ್ನು ಗಣಿಸುತ್ತದೆ. ಎಂದರೆ ಯಂತ್ರವು ಕೊಳೆಯನ್ನು ಕಾಣುವುದಿಲ್ಲ, ಲೆಕ್ಕ ಹಾಕುತ್ತದೆ.

ಲೆಕ್ಕವೆಂದ ಮೇಲೆ ಸಂಶಯವೂ ಬರುತ್ತದೆ. ದಾರಿಯಲ್ಲಿ ಯಾರಾದರೂ ಅಂಕಿ ತಿದ್ದಿದರೆ? ಇದಕ್ಕೆ ಗಣಿತವು ಒಂದು ಮುದ್ರೆಯುಂಗುರವನ್ನು ಕೊಟ್ಟಿದೆ. 1977ರಲ್ಲಿ ರಿವೆಸ್ಟ್, ಷಮಿರ್, ಆಡಲ್‌ಮನ್ ಎಂಬ ಮೂವರು ಅಮೆರಿಕದಲ್ಲಿ ಕಂಡುಹಿಡಿದ ಉಪಾಯವದು. ಮಕ್ಕಳಿಗೂ ತಿಳಿಯುವಂತೆ ಪುಟ್ಟ ಅಂಕಿಗಳಲ್ಲಿ ಹೇಳುತ್ತೇನೆ. 3 ಮತ್ತು 11 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ 33. ಒಂದೊಂದರಿಂದಲೂ 1 ಕಳೆದು ಗುಣಿಸಿದರೆ 2×10, ಅಂದರೆ 20. ಈಗ ಊರಿಗೆಲ್ಲ ಸಾರುವ ಕೀಲಿಯಾಗಿ 3ನ್ನು ಆರಿಸಿಕೊಳ್ಳೋಣ. 3ರಿಂದ ಯಾವುದನ್ನು ಗುಣಿಸಿ 20ರಿಂದ ಭಾಗಿಸಿದರೆ 1 ಉಳಿಯುತ್ತದೆ? 7; ಏಕೆಂದರೆ 21ರಲ್ಲಿ 20 ಹೋದರೆ 1. ಈ 7 ನಮ್ಮ ಗುಟ್ಟಿನ ಕೀಲಿ. ಯಂತ್ರದ ಅಳತೆ 4 ಎಂದಿರಲಿ. 4ನ್ನು ಏಳು ಸಲ ಬರೆದು ಗುಣಿಸಿದರೆ 16384. 33ರಿಂದ ಭಾಗಿಸಿದರೆ ಉಳಿಯುವುದು 16. ಅದೇ ಸಹಿ. ‘ಅಳತೆ 4, ಸಹಿ 16’ ಎಂದು ಬಂದ ಓಲೆಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು: 16ನ್ನು ಮೂರು ಸಲ ಬರೆದು ಗುಣಿಸಿದರೆ 4096, 33ರಿಂದ ಭಾಗಿಸಿದರೆ ಉಳಿಯುವುದು 4. ಯಾರಾದರೂ ದಾರಿಯಲ್ಲಿ 4ನ್ನು 2 ಮಾಡಿದ್ದರೆ ಸಹಿ ಹೊಂದುತ್ತಿರಲಿಲ್ಲ. 33ನ್ನು ಒಡೆಯುವುದು ಮಗುವಿಗೂ ಸಾಧ್ಯ. ಆದುದರಿಂದಲೇ ನಿಜವಾದ ಬಳಕೆಯಲ್ಲಿ ಆರುನೂರಕ್ಕೂ ಹೆಚ್ಚು ಅಂಕಿಗಳ ಸಂಖ್ಯೆಗಳನ್ನು ತೆಗೆದುಕೊಳ್ಳುತ್ತಾರೆ.

ಆ ಗುಟ್ಟಿನ 7ನ್ನು ಹುಡುಕುವ ಕೆಲಸ ನಮ್ಮವರಿಗೆ ಹೊಸದಲ್ಲ. ಭಾಗಿಸಿ, ಶೇಷದಿಂದ ಮತ್ತೆ ಭಾಗಿಸಿ, ದೊಡ್ಡ ಲೆಕ್ಕವನ್ನು ಕುಟ್ಟಿ ಪುಡಿಮಾಡುವ ಈ ಕ್ರಮಕ್ಕೆ ‘ಕುಟ್ಟಕ’ ಎಂದೇ ಹೆಸರು. 499ರಲ್ಲಿ ಆರ್ಯಭಟನು ಇದನ್ನು ಸೂತ್ರರೂಪದಲ್ಲಿ ಹೇಳಿದನು. ಕನ್ನಡ ನಾಡಿನಲ್ಲಿಯೇ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಕುಟ್ಟೀಕಾರದ ಲೆಕ್ಕಗಳನ್ನು ವಿಸ್ತಾರವಾಗಿ ಬಿಡಿಸಿದನು. ಇಂದು ಬ್ಯಾಂಕಿನ ಬೀಗವನ್ನು ಮಾಡುವ ಕಂಪ್ಯೂಟರು ತನಗೆ ತಿಳಿಯದೆಯೇ ಆ ಜೈನಾಚಾರ್ಯನ ದಾರಿಯಲ್ಲಿ ಹೆಜ್ಜೆಯಿಡುತ್ತಿದೆ.

ಆದರೆ ಸಹಿಯ ಶಕ್ತಿಗೂ ಒಂದು ಮಿತಿಯುಂಟು. ಅಂಕಿ ದಾರಿಯಲ್ಲಿ ಕೆಡಲಿಲ್ಲವೆಂದು ಅದು ಹೇಳಬಲ್ಲುದು. ಅಂಕಿ ಹುಟ್ಟಿದಲ್ಲಿಯೇ ಸರಿಯಾಗಿದ್ದಿತೆಂದು ಹೇಳಲಾರದು. ಯಂತ್ರದ ಬಾಯನ್ನು ತಿಳಿನೀರಿನ ಬಕೆಟ್ಟಿನಲ್ಲಿ ಅದ್ದಿಟ್ಟರೆ ಗಣಿತವು ಆ ತಿಳಿನೀರಿಗೂ ಅಷ್ಟೇ ನಿಷ್ಠೆಯಿಂದ ಸಹಿಹಾಕುತ್ತದೆ. ಅಲ್ಲಿ ಬೇಕಾಗುವುದು ಮತ್ತೆ ಆ ವೃದ್ಧರ ಮೂಗೇ. ಯಂತ್ರದ ಮಾತು ಬಹಿರಂಗವಾದರೆ ಮಾತ್ರ ಮೂಗು ಅದರೊಡನೆ ತಾಳೆ ನೋಡಬಲ್ಲುದು.

ಸರ್ವೋಚ್ಚ ನ್ಯಾಯಾಲಯವೂ ಬಹಿರಂಗವಾಗಲೆಂದೇ ಹೇಳಿತು. 2017ರ ಫೆಬ್ರವರಿ 22ರಂದು ಪರ್ಯಾವರಣ ಸುರಕ್ಷಾ ಸಮಿತಿಯ ಮೊಕದ್ದಮೆಯಲ್ಲಿ, ಮಾಲಿನ್ಯದ ಅಳತೆಗಳು ರಾಜ್ಯ ಮಂಡಳಿಯ ಮೂಲಕ ಜನರೆಲ್ಲರಿಗೂ ಕಾಣುವಂತೆ ಏರ್ಪಡಿಸಬೇಕೆಂದು ಅದು ಸೂಚಿಸಿತು. ಅದೇ ವರ್ಷ ಆಗಸ್ಟ್ 24ರಂದು, ಹಾವೇರಿ ಜಿಲ್ಲೆ ಹುಟ್ಟಿ ಸರಿಯಾಗಿ ಇಪ್ಪತ್ತು ವರ್ಷ ತುಂಬಿದ ದಿನ, ಅದೇ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಇನ್ನೊಂದು ಮಾತು ಹೇಳಿದರು: ಮನುಷ್ಯನ ಖಾಸಗಿ ಬಾಳು ಅವನ ಮೂಲಭೂತ ಹಕ್ಕು. ಎರಡು ಪೀಠಗಳಿಗೂ ಮುಖ್ಯ ನ್ಯಾಯಮೂರ್ತಿ ಖೇಹರರೇ ಅಧ್ಯಕ್ಷರು. ಈ ಎರಡನೆಯ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮವರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದ್ದರು. 2024ರಲ್ಲಿ ಅವರು ತೀರಿಕೊಂಡರು.

ಆಧಾರ್‌ನಲ್ಲಿಯೂ ಗಣಿತವುಂಟು. ಅದರ 12 ಅಂಕಿಗಳಲ್ಲಿ ಕೊನೆಯದು ಮೊದಲ 11ರ ಕಾವಲುಗಾರ. 1969ರಲ್ಲಿ ಡಚ್ ಗಣಿತಜ್ಞ ವೆರ್‌ಹೂಫ್ ಪ್ರಕಟಿಸಿದ ಕ್ರಮದಂತೆ ಅದನ್ನು ಗಣಿಸುತ್ತಾರೆ. 45ರ ಬದಲು 54 ಎಂದು ಬರೆದರೆ ಥಟ್ಟನೆ ತಪ್ಪು ಸಿಕ್ಕಿಬೀಳುತ್ತದೆ. ಅಂಕಿಯ ಮಟ್ಟಿಗೆ ಅದರ ಮಾತನ್ನು ನಂಬಬಹುದು. ಆದರೆ ಅಂಕಿ ಸರಿಯೆಂದ ಮಾತ್ರಕ್ಕೆ, ಬೆರಳು ಸವೆದ ಮುದುಕಿಯನ್ನು ಯಂತ್ರ ಗುರುತಿಸದಿದ್ದರೆ ಅವಳ ಪಡಿತರ ಚೀಲ ತುಂಬುವುದಿಲ್ಲ. 2018ರ ಸೆಪ್ಟೆಂಬರ್ 26ರಂದು ನಾಲ್ವರ ಬಹುಮತದ ತೀರ್ಪು ಯೋಜನೆಯನ್ನು ಎತ್ತಿಹಿಡಿಯಿತು; ಖಾಸಗಿ ಕಂಪೆನಿಗಳು ಆ ಸಂಖ್ಯೆಯನ್ನು ಕೇಳಲು ಆಸರೆಯಾಗಿದ್ದ ವಿಧಿಯನ್ನು ತಳ್ಳಿಹಾಕಿತು. ಒಬ್ಬ ನ್ಯಾಯಮೂರ್ತಿಗಳು ಭಿನ್ನಮತ ಬರೆದರು.

ಸರಕಾರದ ಕಿವಿ ಎಷ್ಟು ಉದ್ದವಿರಬೇಕೆಂಬ ಜಗಳ ನಮ್ಮ ನಾಡಿಗೆ ಹಳೆಯದೇ. ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿ ಬಿಟ್ಟುದು 1988ರಲ್ಲಿ. ಆಗ ಕದ್ದು ಕೇಳಬೇಕಾದರೆ ಒಬ್ಬ ಮನುಷ್ಯನೇ ಕಿವಿಗೊಟ್ಟು ಕೂಡಬೇಕಾಗಿದ್ದಿತು. ಕೇಳುವವನಿಗೂ ನಿದ್ದೆ ಬರುತ್ತಿದ್ದಿತು. ಕಂಪ್ಯೂಟರಿಗೆ ನಿದ್ದೆಯಿಲ್ಲ. ಅದಕ್ಕೆ ಅಡ್ಡ ನಿಲ್ಲುವುದು ಹಿಂದೆ ಹೇಳಿದಂಥ ಗಣಿತದ ಬೀಗ. 2021ರ ನಿಯಮಗಳು, ಸಂದೇಶವೊಂದನ್ನು ಮೊದಲು ಕಳುಹಿಸಿದವರು ಯಾರೆಂದು ಆಜ್ಞೆಯಾದಾಗ ದೊಡ್ಡ ಸಂದೇಶ ಕಂಪೆನಿಗಳು ತೋರಿಸಿಕೊಡಬೇಕೆಂದುವು; ಬೀಗವನ್ನು ಸಡಿಲಿಸದೆ ಅದು ಆಗದೆಂದು ವಾಟ್ಸ್ಆ್ಯಪ್ ಅದೇ ವರ್ಷ ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಅಪರಾಧಿಯನ್ನು ಹಿಡಿಯಬೇಡವೆಂದು ಯಾರೂ ಹೇಳಲಾರರು. ಆದರೆ 3ಕ್ಕೂ 11ಕ್ಕೂ ಒಳ್ಳೆಯವರು ಕೆಟ್ಟವರೆಂಬ ಭೇದವಿಲ್ಲ. ಪೊಲೀಸರಿಗಾಗಿ ಕೊರೆದ ಕಿಂಡಿಯಲ್ಲಿ ಕಳ್ಳನೂ ನುಸುಳಬಲ್ಲನು.

ಸಂಜೆ ಸೇತುವೆಯ ಮೇಲೆ ನಿಂತೆ. ಆಚೆ ಕಾರ್ಖಾನೆಯ ದೀಪಗಳು, ಈಚೆ ಗುಡಿಯ ಗಂಟೆ. ಆ ಕಾರ್ಖಾನೆಯಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಈ ಹೊಳೆಯಿಂದ ಎಷ್ಟೋ ಮನೆಗಳ ಕೊಡ ತುಂಬುತ್ತದೆ. ಯಾವುದನ್ನೂ ಬೇಡವೆನ್ನುವಂತಿಲ್ಲ, ಆದುದರಿಂದಲೇ ನೋಡುವ ಕಣ್ಣು ಬೇಕು. ಅದು ಎತ್ತ ನೋಡಬೇಕೆಂಬುದಕ್ಕೆ 2017ರ ಎರಡು ತೀರ್ಪುಗಳೇ ದಾರಿ ತೋರುತ್ತವೆಯೆಂದು ನನಗನಿಸಿತು. ಹತ್ತು ಜನರ ನೀರಿಗೆ ಸೇರುವುದನ್ನು ಹತ್ತು ಜನರೂ ನೋಡಲಿ. ಒಬ್ಬನ ಮನೆಯೊಳಗಣ ಮಾತನ್ನು, ಕಾರಣ ತೋರಿಸಿ ನ್ಯಾಯದ ಅಪ್ಪಣೆ ಪಡೆಯದೆ, ಯಾರೂ ನೋಡದಿರಲಿ.

ವೃದ್ಧರ ಪ್ರಶ್ನೆಗೆ ಬೆಳಿಗ್ಗೆ ನಾನು ಉತ್ತರ ಕೊಟ್ಟಿರಲಿಲ್ಲ. ಮರಳಿ ಹೋಗುವಾಗ ಚಹದಂಗಡಿಯನ್ನು ಇಣುಕಿದೆ, ಬೆಂಚು ಬರಿದಾಗಿದ್ದಿತು. ಅಂಗಡಿಯ ಹುಡುಗನ ಕೈಯಲ್ಲಿ ಮೊಬೈಲು. ಯಂತ್ರದ ಮಾತು ಮಂಡಳಿಯ ಮೂಲಕ ಜನರಿಗೆ ತಿಳಿಯಬೇಕೆಂದು ನ್ಯಾಯಾಲಯವೇ ಹೇಳಿದೆಯೆಂದೂ, ಹುಡುಕಿ ಓದಿ ಅಜ್ಜನಿಗೆ ಹೇಳಬೇಕೆಂದೂ ಅವನಿಗೆ ತಿಳಿಸಿದೆ.

ಹುಡುಗ ನಕ್ಕು, “ಹೂಂ ರೀ ಸರ, ಹೇಳತೇನಿ. ಆದ್ರ ಅಜ್ಜ ಮೊದಲ ಹೊಳಿ ದಂಡಿಗೆ ಹೋಗಿ ಮೂಸಿ ನೋಡಿಽ ನಂಬತಾನ್ರೀ” ಎಂದನು.

ಹಾಗೆಯೇ ಆಗಲಿ ಎಂದುಕೊಂಡು ರೈಲು ಹತ್ತಿದೆ.